ಕೂಗಿಗೆ ನಿಲ್ಲುತ್ತಿದ್ದ ಎತ್ತುಗಳು

ನಮ್ಮನ್ನು ಡ್ರೈವರ್ ಅನ್ನುತ್ತಿದ್ದರು. ಈಗ ಲೋಕೋ ಪೈಲಟ್ ಅನ್ನುತ್ತಾರಂತೆ. ಮೊನ್ನೆ ನನ್ನ ಅಕ್ಕನ ಮೊಮ್ಮಗ ಕೆಲಸಕ್ಕೆ ಸೇರುವ ಮುಂಚೆ ಆಶೀರ್ವಾದ ತಗೊಳ್ಳೋಣ ಎಂದು ಮನೆಗೆ ಬಂದಿದ್ದ. "ತಾತ, ಪೈಲಟ್ ಆದೆ" ಅಂದ. ವಿಮಾನ ಎಲ್ಲಿ ನಿಲ್ಲಿಸಿದ್ದೀಯಪ್ಪ ಅಂದೆ. ನಗಲಿಲ್ಲ. ಎಂಜಿನ್ನಿನ ಕೋಣೆಗೆ ಈಗ ಏಸಿ ಬಂದಿದೆ, ಕಿಟಕಿ ಮುಚ್ಚಿಕೊಂಡೇ ಓಡಿಸಬಹುದು, ಹಾರನ್ ಒಳಗೆ ಅಷ್ಟಾಗಿ ಕೇಳಿಸುವುದೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿದ. ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ತಾನು ಹಾಕಿದ ಕೂಗು ತನಗೇ ಕೇಳದವನು ಎಂಥ ಡ್ರೈವರು? ಅವನ ಮುಖದ ಮೇಲೆ ಹೇಳಲಿಲ್ಲ, ಹೊಸದಾಗಿ ಕೆಲಸಕ್ಕೆ ಹೊರಟವನು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬಿಡುವಾದಾಗ ಅವನೂ ಅವನ ಜೊತೆಯ ಹುಡುಗರೂ ಓದಲಿ.

ಯಾವ ವರ್ಷ ಯಾವ ದರ್ಜೆಗೆ ಏರಿದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಕಲ್ಲಿದ್ದಲು ಎತ್ತಿ ಹಾಕುವವನಾಗಿ ಸೇರಿದೆ, ಎಲ್ಲರಂತೆ ಮೇಲೆ ಬಂದೆ, ವಯಸ್ಸಾದಾಗ ಇಳಿದೆ. ಅದರಲ್ಲಿ ಕಥೆ ಇಲ್ಲ. ಕಥೆ ಇರುವುದು ಕೂಗಿನಲ್ಲಿ.

ನಾನು ತುರುವೇಕೆರೆ ಕಡೆಯವನು. ಎಪ್ಪತ್ತರ ದಶಕದ ಶುರುವಿನಲ್ಲಿ ಅರಸೀಕೆರೆಯಲ್ಲಿ ಎರಡನೇ ಫೈರ್‌ಮನ್ ಆಗಿ ಉಗಿ ಎಂಜಿನ್ ಹತ್ತಿದೆ. ನನ್ನ ಪುಣ್ಯಕ್ಕೆ ಸಿಕ್ಕ ಡ್ರೈವರ್ ಕರೀಂ ಸಾಹೇಬರು. ಬಿಳಿ ಗಡ್ಡ, ಬೆರಳ ತುದಿಗಳೆಲ್ಲ ಸುಟ್ಟು ಗಟ್ಟಿಯಾದ ಕೈ, ಬಾಯಲ್ಲಿ ಸದಾ ಅಡಿಕೆ ಚೂರು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಮಾತು ನಿಲ್ಲಿಸಿಬಿಡುತ್ತಿದ್ದರು. ಆ ಮೌನಕ್ಕೆ ಹೆದರಿ ನಾನು ಇನ್ನೂ ಎರಡು ಸಲಿಕೆ ಹೆಚ್ಚಿಗೆ ಕಲ್ಲಿದ್ದಲು ಹಾಕುತ್ತಿದ್ದೆ, ಆಗ ಹೊಗೆ ಜಾಸ್ತಿಯಾಗಿ ಮತ್ತಷ್ಟು ಮೌನ.

ಒಂದು ದಿನ ಹಗಲು ಪ್ಯಾಸೆಂಜರ್ ಗಾಡಿಯಲ್ಲಿ ಹೋಗುತ್ತಿದ್ದೆವು. ಹಳಿ ಪಕ್ಕದ ತೋಟದಲ್ಲಿ ನನ್ನ ಸೋದರಮಾವನ ಮನೆಯವರೆಲ್ಲ ಕಾಯಿ ಕೀಳಿಸುತ್ತಾ ನಿಂತಿದ್ದರು. ಅವರಲ್ಲಿ ಮುಂದೆ ನನ್ನ ಹೆಂಡತಿಯಾದವಳೂ ಇದ್ದಳು. ಸಾಹೇಬರು ಆಚೆ ಬಗ್ಗಿ ಏನೋ ನೋಡುತ್ತಿದ್ದ ಹೊತ್ತಿಗೆ ನಾನು ಸೀಟಿಯ ಸರಪಳಿ ಹಿಡಿದು ಪೀ ಪೀ ಪೀ ಎಂದು ಮೂರು ಸಲ ಎಳೆದೆ. ಸಣ್ಣಗೆ ಮೂರು ಕೂಗು ಎಂದರೆ ಹಿಂದಿನ ಡಬ್ಬಿಯಲ್ಲಿರುವ ಗಾರ್ಡು ಕೂಡಲೇ ಬ್ರೇಕ್ ಹಾಕಬೇಕು ಎಂಬ ಸಂಜ್ಞೆ ಎಂದು ನನಗೆ ಪಾಠ ಮಾಡಿದ್ದರು, ಆದರೆ ಹುಡುಗಿಯನ್ನು ಕಂಡಾಗ ಪಾಠ ಯಾರಿಗೆ ನೆನಪಿರುತ್ತದೆ. ಗಾರ್ಡು ಬ್ರೇಕ್ ಹಾಕಿದರು. ಗಾಡಿ ಕಿರುಗುಟ್ಟಿ ನಿಂತಿತು. ಜನ ಕಿಟಕಿಯಿಂದ ತಲೆ ಹಾಕಿದರು. ಮಾವನ ಮನೆಯವರು ನನಗಾಗಿಯೇ ರೈಲು ನಿಂತಿತೆಂದು ತಿಳಿದು ಎಳನೀರು ಕೊಚ್ಚಿಕೊಂಡು ಬಂದರು!

ಸಾಹೇಬರು ಎಳನೀರು ಕುಡಿದರು. ಗಾಡಿ ಹೊರಟ ಮೇಲೆ ನನ್ನ ಕಡೆ ತಿರುಗಿದರು.

"ಸೀಟಿ ಅಂದ್ರೆ ಏನಂದ್ಕೊಂಡಿದೀಯ ಶಿವಣ್ಣ? ಊದೋದಲ್ಲ ಅದು, ಮಾತಾಡೋದು. ಬತ್ತಾ ಇದೀನಿ, ಸ್ವಲ್ಪ ಸರ್ಕಳಪ್ಪ ಅಂತ ಹೇಳ್ಬೇಕು. ಬೈಬಾರ್ದು, ಕುಣೀಬಾರ್ದು. ಕೇಳೋನ ಮನಸಲ್ಲಿ ಕೂತ್ಕೊಂಡು ಹೊಡೀಬೇಕು."

ಹಾಗೆಯೇ ಹೊಡೆಯುತ್ತಿದ್ದರು. ಉಗಿ ಎಂಜಿನ್ನಿನ ಸೀಟಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಸಾಹೇಬರು ಮೆಲ್ಲಗೆ ಶುರುಮಾಡಿ, ತುಂಬಿಸಿ, ಕೊನೆಗೆ ಸರಪಳಿಯನ್ನು ಒಮ್ಮೆಲೇ ಬಿಡದೆ ಸಡಿಲಿಸುತ್ತಾ ಬರುತ್ತಿದ್ದರು. ಆ ಕೂಗು ತೋಟದಿಂದ ತೋಟಕ್ಕೆ ಹೋಗಿ ಎಲ್ಲೋ ದೂರದಲ್ಲಿ ಮುಗಿಯುತ್ತಿತ್ತು. ತಿಪಟೂರಿನಲ್ಲಿ ಹಾಸಿಗೆಯಲ್ಲೇ ಮಗ್ಗುಲಾಗುತ್ತಾ "ಕರೀಂ ಸಾಬ್ರು ಬಂದ್ರು" ಅನ್ನುವವರಿದ್ದರು. ಆ ಕೂಗನ್ನು ಇನ್ನೊಂದು ಸಲ ಕೇಳಲು ನಾನು ಈಗ ಏನು ಬೇಕಾದರೂ ಕೊಟ್ಟೇನು.

ಇನ್ನು ಎತ್ತುಗಳ ವಿಷಯ.

ಅರಸೀಕೆರೆ ಕಡೆಯಿಂದ ತಿಪಟೂರಿಗೆ ಬರುವಾಗ, ಊರಿಗೆ ಮುಂಚೆ, ಹೊನ್ನವಳ್ಳಿ ಸೀಮೆಯ ಗಾಡಿ ದಾರಿಯೊಂದು ಹಳಿ ದಾಟುತ್ತಿತ್ತು. ಗೇಟಿಲ್ಲ, ಕಾವಲುಗಾರನಿಲ್ಲ, ಆದರೂ ನಾವೆಲ್ಲ ಅದನ್ನು ಗೇಟು ಎಂದೇ ಕರೆಯುತ್ತಿದ್ದೆವು. ಅದಕ್ಕಿಂತ ಸಾಕಷ್ಟು ಹಿಂದೆ ಒಂದು ಹಳದಿ ಬೋರ್ಡು, ಅದು ಕಂಡ ಕೂಡಲೇ ಉದ್ದಕ್ಕೆ ಒಂದು ಕೂಗು ಹಾಕಬೇಕು. ಕೊಬ್ಬರಿ ಹರಾಜಿನ ಹಿಂದಿನ ರಾತ್ರಿ ಆ ದಾರಿಯಲ್ಲಿ ಗಾಡಿಗಳ ಸಾಲು. ಬೆಳಗಾಗುವುದರೊಳಗೆ ಮಾರುಕಟ್ಟೆ ಸೇರಬೇಕು. ಗಾಡಿಯ ತುಂಬ ಕೊಬ್ಬರಿ ಚೀಲ, ಕೆಳಗೆ ಇರಚಿಗೆ, ಅಂದರೆ ಅಚ್ಚಿಗೆ, ನೇತುಹಾಕಿದ ಲಾಂದ್ರ, ಚೀಲದ ಮೇಲೆ ಕಂಬಳಿ ಹೊದ್ದು ಮಲಗಿದ ಗಾಡಿಯವನು. ಎತ್ತುಗಳಿಗೆ ದಾರಿ ಗೊತ್ತು, ಅವನು ಯಾಕೆ ಎದ್ದಿರಬೇಕು?

ರೈಲಿನ ಕೂಗು ಕೇಳಿದರೆ ಎತ್ತು ತಾನೇ ನಿಲ್ಲುತ್ತಿತ್ತು. ಕಟ್ಟುಕಥೆ ಎಂದು ನೀವು ನಗಬಹುದು, ನಾನು ಕಣ್ಣಾರೆ ಕಂಡಿದ್ದೇನೆ. ಆ ಸೀಮೆಯಲ್ಲಿ ಹೊಸ ಜೋಡಿ ತಂದರೆ ಮೊದಲು ರೈಲು ತೋರಿಸುವ ಪದ್ಧತಿಯಿತ್ತು. ಹಳಿ ಹತ್ತಿರ ಕರೆತಂದು ನಿಲ್ಲಿಸುವುದು, ಎಂಜಿನ್ ಕೂಗಿದಾಗ ಮೂಗುದಾರ ಜಗ್ಗಿ "ಹೋ" ಅನ್ನುವುದು, ನಿಂತರೆ ಬಾಯಿಗೆ ಬೆಲ್ಲ. ನಾಲ್ಕಾರು ಸಲ ಹೀಗೆ ಮಾಡಿದರೆ ಆಯಿತು, ಆಮೇಲೆ ಜೀವಮಾನಕ್ಕೆ ಮರೆಯುವುದಿಲ್ಲ. ರೈಲು ನೋಡದ ಎತ್ತನ್ನು ಕಟ್ಟಿಕೊಂಡು ಯಾರೂ ರಾತ್ರಿ ಪೇಟೆಗೆ ಹೊರಡುತ್ತಿರಲಿಲ್ಲ.

ನಾನು ಗೂಡ್ಸ್ ಗಾಡಿಗೆ ಡ್ರೈವರಾದ ಮೇಲೆ ಈ ನೋಟ ನನ್ನದಾಯಿತು. ಸಿಗ್ನಲ್ ಹತ್ತಿರವಾದ್ದರಿಂದ ಅಲ್ಲಿ ವೇಗ ಇಳಿಸುತ್ತಿದ್ದೆ. ಕೂಗು ಹಾಕುತ್ತಾ ಬಂದರೆ ಹೆಡ್‌ಲೈಟಿನ ಬೆಳಕಿನಲ್ಲಿ ಎಡಗಡೆಗೆ ಗಾಡಿಗಳು ಒಂದರ ಹಿಂದೊಂದು ನಿಂತಿರುತ್ತಿದ್ದವು. ಮುಂದಿನ ಗಾಡಿ ಹೆಚ್ಚಾಗಿ ಒಂದೇ. ಅದರ ಬಲದೆತ್ತಿಗೆ ಒಂದು ಕೊಂಬು ಮುರಿದು ಮೋಟಾಗಿತ್ತು, ಹಾಗಾಗಿ ಗುರುತು ತಪ್ಪುವಂತಿರಲಿಲ್ಲ. ಚೀಲದ ಮೇಲೆ ಮಲಗಿದವನ ತಲೆ ಒಂದು ಕಡೆ ವಾಲಿ, ಬಾಯಿ ಅರ್ಧ ತೆರೆದಿರುತ್ತಿತ್ತು. ಇಷ್ಟು ದೊಡ್ಡ ಎಂಜಿನ್ ಪಕ್ಕದಲ್ಲೇ ಗುಡುಗಿ ಹೋದರೂ ಅವನಿಗೆ ಎಚ್ಚರವಿಲ್ಲ. ನಾನು ಅವನ ಹೆಸರು ಕೇಳಿರಲಿಲ್ಲ, ಮಾತಾಡಿಸಿರಲಿಲ್ಲ. ಆದರೂ ಹರಾಜಿನ ಹಿಂದಿನ ರಾತ್ರಿ ಡ್ಯೂಟಿ ಬಿದ್ದರೆ ಆ ಮುಖ ಕಾಣುವವರೆಗೂ ನನಗೆ ಸಮಾಧಾನವಿರಲಿಲ್ಲ.

ಕರೀಂ ಸಾಹೇಬರು ನಿವೃತ್ತರಾದರು, ಅವರ ಹಿಂದೆಯೇ ಉಗಿ ಎಂಜಿನ್‌ಗಳೂ ಒಂದೊಂದಾಗಿ ಹೊರಟವು. ನನ್ನನ್ನು ಡೀಸೆಲ್ ಎಂಜಿನ್ನಿನ ತರಬೇತಿಗೆ ಕಳಿಸಿದರು. ಮಸಿ ಇಲ್ಲ, ಬೆಂಕಿ ಇಲ್ಲ, ಕೂರಲು ಸೀಟು. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು. ಹಾರನ್ ಮಾತ್ರ ಹಿಡಿಸಲಿಲ್ಲ. ಹಿಡಿ ಒತ್ತಿದರೆ ಭೋಂ, ಬಿಟ್ಟರೆ ಬಂದ್. ಮೆಲ್ಲಗೆ ಶುರುಮಾಡುವುದು, ಇಳಿಸುವುದು ಒಂದೂ ಇಲ್ಲ. ನನ್ನ ಕೈಗೆ ಅದರಲ್ಲಿ ಕೆಲಸವೇ ಇರಲಿಲ್ಲ.

ಡೀಸೆಲ್ ತೆಗೆದುಕೊಂಡು ಮೊದಲ ಸಲ ಹರಾಜಿನ ಹಿಂದಿನ ರಾತ್ರಿ ಬಂದೆ. ಹಳದಿ ಬೋರ್ಡು ಕಂಡಿತು, ಉದ್ದಕ್ಕೆ ಒತ್ತಿದೆ. ಬೆಳಕಿನಲ್ಲಿ ಮೋಟುಕೊಂಬಿನ ಎತ್ತು ಕಂಡಿತು. ನಡೆಯುತ್ತಿತ್ತು. ಕೂಗು ಕೇಳಿ ಕಿವಿ ಆಡಿಸಿತು, ಜೋಡಿಯನ್ನು ಎಡಕ್ಕೆ ತಳ್ಳಿಕೊಂಡು ಸ್ವಲ್ಪ ಪಕ್ಕಕ್ಕೆ ಸರಿಯಿತು, ಆಮೇಲೆ ಇನ್ನೂ ಬಿರುಸಾಗಿ ಹಳಿ ಕಡೆಗೇ ಹೆಜ್ಜೆ ಹಾಕಿತು.

ಆ ಕ್ಷಣದಲ್ಲಿ ನನಗೆ ತಿಳಿದುಹೋಯಿತು. ಅದು ಲಾರಿ ಅಂದುಕೊಂಡಿದೆ! ರಸ್ತೆಯಲ್ಲಿ ಲಾರಿ ಹಾರನ್ ಮಾಡಿದರೆ ಎಡಕ್ಕೆ ಸರಿದು ಬೇಗ ನಡೆಯಬೇಕೆಂದು ಅವಕ್ಕೆ ಅಭ್ಯಾಸ. ನಾವೆಲ್ಲ ಎತ್ತು ರೈಲಿಗೆ ನಿಲ್ಲುತ್ತದೆ ಎಂದುಕೊಂಡಿದ್ದೆವು. ಅದು ನಿಲ್ಲುತ್ತಿದ್ದುದು ಉಗಿಯ ಕೂಗಿಗೆ. ಎಂಜಿನ್ ಬದಲಾಯಿಸಿದ ದೊಡ್ಡವರಿಗೂ ಇದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ, ಗಾಡಿಯವರಿಗೂ ಹೊಳೆದಿರಲಿಲ್ಲ.

ಬ್ರೇಕ್ ಹಾಕಿದೆ. ಹಾರನ್ ಬಿಡದೆ ಒತ್ತಿದೆ. ಒತ್ತಿದಷ್ಟೂ ಎತ್ತುಗಳು ಅವಸರಪಟ್ಟವು. ನನ್ನ ಸಹಾಯಕ ಡ್ರೈವರ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿ "ಏಯ್, ಏಳ್ಲಾ, ಏಳ್ಲಾ" ಎಂದು ಕಿರುಚುತ್ತಿದ್ದ. ಗಾಡಿ ಹಳಿ ಹತ್ತಿತು, ಚಕ್ರ ಕುಲುಕಿತು, ಆಚೆ ಇಳಿಯಿತು. ಹಿಂದಿನ ಹಲಗೆಗೂ ನಮ್ಮ ಎಂಜಿನ್ನಿಗೂ ನಡುವೆ ಎಷ್ಟು ಜಾಗ ಉಳಿಯಿತೋ ನಾನು ನೋಡಲಿಲ್ಲ, ಕಣ್ಣು ಮುಚ್ಚಿದ್ದೆ. ರೈಲು ಗೇಟು ದಾಟಿ ಹೋಗಿ ನಿಂತಿತು. ಇಳಿದೆ. ಜಲ್ಲಿಯ ಮೇಲೆ ಕೂತುಬಿಟ್ಟೆ. ಅಲ್ಲಿಂದ ನೋಡಿದರೆ ಊರಿನ ದಾರಿಯಲ್ಲಿ ಗಾಡಿಯ ಕೆಳಗಿನ ಲಾಂದ್ರ ತೂಗಾಡುತ್ತಾ ತನ್ನ ಪಾಡಿಗೆ ಹೋಗುತ್ತಿತ್ತು. ಆ ಮಹಾರಾಯ ಇನ್ನೂ ಮಲಗಿಯೇ ಇದ್ದ.

ಬೆಳಿಗ್ಗೆ ಡ್ಯೂಟಿ ಮುಗಿಸಿ ಮುಖ ಕೂಡ ತೊಳೆಯದೆ ಕೊಬ್ಬರಿ ಮಾರುಕಟ್ಟೆಗೆ ಹೋದೆ. ಮೋಟುಕೊಂಬಿನ ಎತ್ತು ಬೇವಿನ ಮರದಡಿ ಮೆಲುಕು ಹಾಕುತ್ತಿತ್ತು. ಪಕ್ಕದಲ್ಲಿ ಅವನು ಬೀಡಿ ಹಚ್ಚಿ ಕುಕ್ಕರಗಾಲಲ್ಲಿ ಕೂತಿದ್ದ. ನಡುವಯಸ್ಸಿನ ಸಣಕಲು ಆಳು, ಹೆಸರು ಕೆಂಚಣ್ಣ, ಹೊನ್ನವಳ್ಳಿ ಪಕ್ಕದ ಹಳ್ಳಿ. ಕಣ್ಣು ತೆರೆದಿರುವ ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ನೀನು ರಾತ್ರಿ ಸತ್ತೋಗಿದ್ದೆ ಕಣಯ್ಯ" ಅಂದೆ.

ಅವನು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. "ಯಾರ್ ಸ್ವಾಮಿ ತಾವು? ಬೆಳ್‌ಬೆಳಗ್ಗೆ ಒಳ್ಳೆ ಮಾತಾಡ್ತಿದೀರಲ್ಲ."

ನಡೆದದ್ದನ್ನು ಹೇಳಿದೆ. ನಂಬಲಿಲ್ಲ. "ನಮ್ಮೆತ್ತು ಅಂಗೆಲ್ಲ ಮಾಡಾಕಿಲ್ಲ ಬುಡಿ. ಅದು ರೈಲ್ ಕಂಡಿರೋ ಎತ್ತು" ಅಂದ. ಹಿಂದಿನ ಗಾಡಿಯವನೊಬ್ಬನಿಗೆ ನಮ್ಮ ಗದ್ದಲಕ್ಕೆ ಎಚ್ಚರವಾಗಿತ್ತಂತೆ, ಅವನು ಬಂದು ಹೌದು ಅಂದ ಮೇಲೆ ಕೆಂಚಣ್ಣನ ಬೀಡಿ ಕೈಯಲ್ಲೇ ಆರಿತು. ಎದ್ದು ಹೋಗಿ ಎತ್ತಿನ ಕೊರಳು ತಬ್ಬಿಕೊಂಡ.

"ಎಚ್ಚರ ಇರಬೇಕಪ್ಪ ಇನ್ನು ಮೇಲೆ" ಅಂದೆ.

"ಹಗ್ಲೆಲ್ಲ ಕಾಯಿ ಸುಲಿಯಾದು, ತೋಟ ಅಗಿಯಾದು. ಪೇಟೆಗೆ ಬರೋ ದಾರೀಲೇ ನಮ್ಗೆ ನಿದ್ದೆ. ಅದುನ್ನೂ ಕಿತ್ಕಂಡ್ರೆ ಎಲ್ಲಿ ಮನೀಕಳಾನಾ ಡ್ರೈವರಣ್ಣ?" ಅಂದ. ಕೋಪದಿಂದ ಕೇಳಿದ್ದಲ್ಲ, ನಿಜವಾಗಿ ಕೇಳಿದ. ಆಮೇಲೆ ಎಚ್ಚರವಿರಲು ಅವನು ಪ್ರಯತ್ನಪಟ್ಟ, ಅದನ್ನೂ ಹೇಳಬೇಕು. ಬಾಯಿಗೆ ಹೊಗೆಸೊಪ್ಪು ತುಂಬಿಕೊಂಡು ಕೂತಲ್ಲೇ ತೂಕಡಿಸಿ ಗಾಡಿಯಿಂದ ಬಿದ್ದು ಭುಜ ಊದಿಸಿಕೊಂಡ.

ಅಲ್ಲಿಂದ ನಾನು ಮಾಡಿದ್ದು ಒಂದೇ ಕೆಲಸ. ಹಳದಿ ಬೋರ್ಡು ಬಂದರೆ ಸಾಕು, ಹಾರನ್ ಒತ್ತಿ ಹಿಡಿದವನು ಗೇಟು ದಾಟಿ ಸ್ಟೇಷನ್ ಬರುವವರೆಗೂ ಬಿಡುತ್ತಿರಲಿಲ್ಲ. ಎತ್ತಿಗೆ ಅರ್ಥವಾಗದಿದ್ದರೆ ಬೇಡ, ಮನುಷ್ಯನಿಗಾದರೂ ಎಚ್ಚರವಾಗಲಿ ಎಂಬುದು ನನ್ನ ಲೆಕ್ಕ. ನನ್ನನ್ನು ನೋಡಿ ಉಳಿದ ಡ್ರೈವರುಗಳೂ ಹಾಗೇ ಮಾಡತೊಡಗಿದರು.

ಆದರೆ ಗೇಟಿಗೂ ಸ್ಟೇಷನ್ನಿಗೂ ನಡುವೆ, ಹಿಂದೆ ಬರೀ ಜಾಲಿ ಗಿಡ ಇದ್ದ ಜಾಗದಲ್ಲಿ, ಆ ಹೊತ್ತಿಗೆ ಹೊಸ ಬಡಾವಣೆ ಎದ್ದಿತ್ತು. ಮೇಷ್ಟ್ರುಗಳು, ಗುಮಾಸ್ತರು, ಮಂಡಿ ಲೆಕ್ಕದವರು ಸಾಲ ಸೋಲ ಮಾಡಿ ಮನೆ ಕಟ್ಟಿಕೊಂಡಿದ್ದರು. ರಾತ್ರಿ ಮೂರು ನಾಲ್ಕು ಗೂಡ್ಸ್, ಪ್ರತಿಯೊಂದೂ ಅವರ ತಲೆದಿಂಬಿನ ಪಕ್ಕದಲ್ಲಿ ಭೋಂಕರಿಸಿಕೊಂಡು ಹೋದರೆ ಯಾರು ಸಹಿಸುತ್ತಾರೆ? ಒಂದು ಸಂಜೆ ಒಂದು ಗುಂಪು ಸ್ಟೇಷನ್ನಿಗೆ ಬಂತು. ಮುಂದೆ ಹೈಸ್ಕೂಲಿನ ನಾಗರಾಜ ಮೇಷ್ಟ್ರು, ಕೈಯಲ್ಲಿ ಕೊಡೆ.

"ಮನೇಲಿ ಮಗಳು ಬಾಣಂತಿ ಕಣ್ರೀ" ಅಂದರು ಮೇಷ್ಟ್ರು. ದನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ಮಗು ಕಣ್ಣು ಮುಚ್ಚೋ ಹೊತ್ತಿಗೆ ನಿಮ್ಮ ಗಾಡಿ ಬರುತ್ತೆ. ಬೆಚ್ಚಿಬಿದ್ದು ಅಳೋಕೆ ಶುರು ಮಾಡಿದ್ರೆ ಬೆಳಗಿನ ಜಾವದ ತನಕ. ನನ್ನ ಮಗಳು ಕಡ್ಡಿಯಾಗಿ ಹೋಗಿದ್ದಾಳೆ. ಮೊದಲು ರೈಲು ಇರಲಿಲ್ವ? ಆ ಕೂಗಿಗೆ ನಾವೆಲ್ಲ ನಿದ್ದೆ ಮಾಡ್ತಿರಲಿಲ್ವ? ಈಗ ಯಾರ ಮೇಲೆ ನಿಮಗೆ ಈ ಹಗೆ?"

ಆ ವಾರದಲ್ಲೇ ನಮ್ಮ ಲೋಕೋ ಇನ್ಸ್‌ಪೆಕ್ಟರ್ ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ನಿಯಮದ ಪುಸ್ತಕವನ್ನು ತಲೆದಿಂಬು ಮಾಡಿಕೊಂಡು ಮಲಗುವ ಜಾತಿ.

"ಬೋರ್ಡಿನ ಹತ್ರ ಉದ್ದಕ್ಕೆ ಒಂದು. ಅಷ್ಟೇ ರೂಲು. ನೀನೇನು ಮದುವೆ ವಾಲಗ ಊದ್ತಾ ಬರ್ತೀಯಾ?"

"ಗಾಡಿ ಎತ್ತುಗಳು ನಿಲ್ತಿಲ್ಲ ಸಾರ್. ಒಂದು ಗೇಟು, ಒಬ್ಬ ಕಾವಲುಗಾರ…"

"ಬರೆದಿದೀವಿ, ಬರುತ್ತೆ. ಅಲ್ಲೀತನಕ ಒಂದೇ ಕೂಗು. ಇನ್ನೊಂದು ಕಂಪ್ಲೇಂಟ್ ಬಂದ್ರೆ ನಿನ್ನನ್ನ ಗಾಡಿ ಇಳಿಸಿ ಶೆಡ್ಡಿಗೆ ಹಾಕ್ತೀನಿ."

ನಿಯಮದಂತೆ ಒಂದೇ ಸಲ ಕೂಗಿ ಮುಂದೆ ಹೋದರೆ ಒಂದಲ್ಲ ಒಂದು ರಾತ್ರಿ ಕೆಂಚಣ್ಣನ ಮೇಲೆ ಹತ್ತಿಸುತ್ತೇನೆ. ಕೂಗುತ್ತಲೇ ಹೋದರೆ ಒಂದು ಬಾಣಂತಿ ಮನೆಯಲ್ಲಿ ನಿದ್ದೆಯಿಲ್ಲ, ನನಗೆ ಕೆಲಸವಿಲ್ಲ. ಕರೀಂ ಸಾಹೇಬರ ಮಾತು ತಲೆಯಲ್ಲಿ ತಿರುಗುತ್ತಿತ್ತು. ಕೇಳುವವನ ಮನಸ್ಸಿನಲ್ಲಿ ಕೂತು ಹೊಡೆಯಬೇಕಂತೆ, ಆದರೆ ಇಲ್ಲಿ ಕೇಳುವವರು ಇಬ್ಬರಿದ್ದರು. ಸಾಹೇಬರು ಬದುಕಿದ್ದರೆ ಅರಸೀಕೆರೆಗೆ ಓಡಿಹೋಗಿ ಕೇಳುತ್ತಿದ್ದೆ. ನಿವೃತ್ತರಾದ ಮರುವರ್ಷವೇ ತೀರಿಕೊಂಡಿದ್ದರು.

ಕೊನೆಗೆ ನಾಚಿಕೆ ಬಿಟ್ಟು ಮೇಷ್ಟ್ರ ಮನೆಗೇ ಹೋದೆ. ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕೆಂಚಣ್ಣನ ಗಾಡಿ ಹಳಿ ಹತ್ತಿದ್ದು, ಎತ್ತು ಲಾರಿ ಎಂದು ತಿಳಿದದ್ದು, ನಾನು ಜಲ್ಲಿಯ ಮೇಲೆ ಕೂತಿದ್ದು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒಳಗಿನಿಂದ ಅವರ ಮಗಳು, ಕಣ್ಣ ಸುತ್ತ ಕಪ್ಪುಗಟ್ಟಿದ ಹುಡುಗಿ, ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬಾಗಿಲಿಗೆ ಬಂದು ಕೇಳಿಸಿಕೊಳ್ಳುತ್ತಿದ್ದಳು. ಮೊದಲು ಮಾತಾಡಿದವಳು ಅವಳೇ.

"ಹಂಗಾದ್ರೆ ಕೂಗ್ಲಿ ಬಿಡಪ್ಪ. ಇವತ್ತಲ್ಲ ನಾಳೆ ಮಗು ಬೆಳೀತದೆ."

ನನ್ನ ಕಣ್ಣು ತುಂಬಿತು. ಮೇಷ್ಟ್ರು ಮಾತ್ರ ಮೇಷ್ಟ್ರೇ. "ಅದೆಲ್ಲ ಇರಲಿ ಶಿವಣ್ಣನೋರೆ. ಆ ಎತ್ತುಗಳಿಗೆ ಹಳೇ ಪಾಠ ಬಂದಿತ್ತು, ಈಗ ಪಠ್ಯ ಬದಲಾಗಿದೆ, ಅಷ್ಟೇ ತಾನೆ? ಕಲಿಸಿದ್ರಾಯ್ತು" ಅಂದರು.

ಇಷ್ಟು ಸರಳವಾದದ್ದು ನಮಗ್ಯಾರಿಗೂ ತೋಚಿರಲಿಲ್ಲ. ಹಳೆಯ ಪದ್ಧತಿಯಂತೆ ಹೊಸ ಜೋಡಿಗೆ ಮಾತ್ರ ರೈಲು ತೋರಿಸುವುದು. ರೈಲು ಕಂಡ ಎತ್ತಿಗೆ ಮತ್ತೆ ತೋರಿಸುವುದು ಎಂದರೆ ಗಾಡಿಯವರಿಗೆ ಅವಮಾನವಿದ್ದಂತೆ. ಕೆಂಚಣ್ಣ ಮೊದಲು ಒಪ್ಪಲೇ ಇಲ್ಲ. "ಮೀಸೆ ಬಂದೋನ್ನ ಮತ್ತೆ ಒಂದ್ನೇ ಕ್ಲಾಸಿಗೆ ಕೂರುಸ್ತೀರಾ?" ಎಂದು ಮೇಷ್ಟ್ರನ್ನೇ ಕೇಳಿದ. ಮೇಷ್ಟ್ರು "ಫೇಲಾದ್ರೆ ಕೂರಿಸಲೇಬೇಕಲ್ಲಪ್ಪ" ಅಂದರು.

ಶುರುವಾಯಿತು ನೋಡಿ ಎತ್ತಿನ ಶಾಲೆ. ರಜೆಯ ದಿನಗಳಲ್ಲಿ ಸೀಮೆಯ ಗಾಡಿಯವರೆಲ್ಲ ಜೋಡಿಗಳನ್ನು ಹೊಡೆದುಕೊಂಡು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಹಗಲು ಡೀಸೆಲ್ ತರುವ ಡ್ರೈವರುಗಳಿಗೆಲ್ಲ ನಾನು ಹೇಳಿಟ್ಟಿದ್ದೆ, ಬೋರ್ಡಿನ ಹತ್ತಿರ ಉದ್ದಕ್ಕೆ ಒಂದೇ ಒಂದು ಕೂಗು, ಹೆಚ್ಚಿಲ್ಲ ಕಡಿಮೆಯಿಲ್ಲ. ಭೋಂ ಅಂದ ಕೂಡಲೇ ಎಲ್ಲರೂ ಮೂಗುದಾರ ಜಗ್ಗಿ "ಹೋ" ಅನ್ನುವುದು, ಬೆಲ್ಲ ತಿನ್ನಿಸುವುದು. ಮೇಷ್ಟ್ರು ಕೊಡೆ ಬಿಡಿಸಿ ನಿಂತು ಯಾವ ಎತ್ತು ಚುರುಕು, ಯಾವುದು ದಡ್ಡ ಎಂದು ಹೇಳುತ್ತಿದ್ದರು. ನಾನೂ ಬಿಡುವಾದಾಗ ಹೋಗುತ್ತಿದ್ದೆ. ಬಡಾವಣೆಯ ಹೆಂಗಸರು ಮಾಳಿಗೆ ಹತ್ತಿ ನೋಡಿ ನಗುತ್ತಿದ್ದರು. ಎಲ್ಲಕ್ಕಿಂತ ಕೊನೆಗೆ ಕಲಿತದ್ದು ಮೋಟುಕೊಂಬು. ಲಾರಿಯ ಪಾಠ ಅದಕ್ಕೆ ಅಷ್ಟು ಗಟ್ಟಿಯಾಗಿತ್ತು. "ಎಷ್ಟು ಬೆಲ್ಲ ತಿಂತೀಯಲಾ, ನಮ್ಮನೇಲಿ ಹಬ್ಬಕ್ಕೂ ಇಷ್ಟು ತರಾಕಿಲ್ಲ" ಎಂದು ಕೆಂಚಣ್ಣ ಅದಕ್ಕೆ ಬೈಯುತ್ತಲೇ ತಿನ್ನಿಸುತ್ತಿದ್ದ.

ಹಗಲು ಕಲಿತದ್ದು ರಾತ್ರಿ ಉಳಿದೀತೆ? ಯಾರಾದರೂ ಪರೀಕ್ಷೆ ಮಾಡಲೇಬೇಕಿತ್ತು. ಕೆಂಚಣ್ಣನೇ ಮುಂದೆ ಬಂದ. ಎಚ್ಚರವಾಗಿ ಕೂತು, ಹಗ್ಗ ಕೈಯಲ್ಲಿ ಹಿಡಿದು ಬಾ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ನಾ ಎದ್ದಿದ್ರೆ ಎತ್ತು ನನ್ನ ನಂಬ್ಕತವೆ. ಕೂಗ್ನ ಯಾಕೆ ನಂಬ್ತವೆ? ಮನಿಕಂಡೇ ಬತ್ತೀನಿ. ನೀವು ಒಂದೇ ಒಂದು ಕೂಗು ಹಾಕಿ ಡ್ರೈವರಣ್ಣ. ಜಾಸ್ತಿ ಹಾಕೀರಾ ಮತ್ತೆ."

ಆ ರಾತ್ರಿಯ ಗೂಡ್ಸ್ ನನ್ನದೇ. ಅಂಥ ಭಯವನ್ನು ನಾನು ಕೆಲಸದಲ್ಲಿ ಮತ್ತೆಂದೂ ಪಟ್ಟಿಲ್ಲ. ವೇಗವನ್ನು ಎಷ್ಟು ಇಳಿಸಬಹುದೋ ಅಷ್ಟೂ ಇಳಿಸಿದೆ. ಬೋರ್ಡು ಬಂತು. ಉದ್ದಕ್ಕೆ ಒಂದು ಕೂಗು ಹಾಕಿದೆ, ಹಾರನ್ನಿನಿಂದ ಕೈ ತೆಗೆದು ಬ್ರೇಕಿನ ಮೇಲೆ ಇಟ್ಟೆ. ಕತ್ತಲೆಯಲ್ಲಿ, ಗೇಟಿನ ಹತ್ತಿರ ನೋಡಲು ಬಂದು ನಿಂತಿದ್ದ ಮೇಷ್ಟ್ರ ಬ್ಯಾಟರಿ ಬೆಳಕು ಸಣ್ಣಗೆ ಕಾಣುತ್ತಿತ್ತು. ನಮ್ಮ ಬೆಳಕು ದಾರಿಯ ಮೇಲೆ ಬಿತ್ತು. ಗಾಡಿ ಬರುತ್ತಿತ್ತು. ಬರುತ್ತಲೇ ಇತ್ತು. ಮೋಟುಕೊಂಬು ಕಿವಿ ಆಡಿಸಿತು, ಎಡಕ್ಕೆ ಒಂದು ಹೆಜ್ಜೆ ಇಟ್ಟಿತು. ಸಹಾಯಕ "ಅಯ್ಯೋ" ಅಂದ. ನನ್ನ ಕೈ ಮತ್ತೆ ಹಾರನ್ನಿಗೆ ಹೋಗಿತ್ತು. ಅಷ್ಟರಲ್ಲಿ ಅದು ಇಟ್ಟ ಹೆಜ್ಜೆಯಲ್ಲೇ ನಿಂತಿತು, ತಲೆ ತಗ್ಗಿಸಿತು, ಪಕ್ಕದ ಎತ್ತೂ ನಿಂತಿತು.

ದಾಟಿ ಹೋಗುವಾಗ ನೋಡಿದೆ. ಚೀಲದ ಮೇಲೆ ಕೆಂಚಣ್ಣನ ತಲೆ ಒಂದು ಕಡೆ ವಾಲಿ, ಬಾಯಿ ಅರ್ಧ ತೆರೆದಿತ್ತು. ಜೀವವನ್ನೇ ಪಣಕ್ಕಿಟ್ಟ ರಾತ್ರಿಯೂ ಆ ಮನುಷ್ಯ ನಿಜವಾಗಿಯೇ ನಿದ್ದೆ ಹೋಗಿದ್ದ! ನಾನು ಎಂಜಿನ್ನಿನಲ್ಲಿ ನಿಂತುಕೊಂಡು ಹುಚ್ಚನ ಹಾಗೆ ನಕ್ಕೆ. ಬಡಾವಣೆಯಲ್ಲಿ ಒಂದು ದೀಪವೂ ಹೊತ್ತಿಕೊಳ್ಳಲಿಲ್ಲ. ಮಗು ಏಳಲಿಲ್ಲವಂತೆ, ಮರುದಿನ ಮೇಷ್ಟ್ರು ಹೇಳಿದರು.

ಆಮೇಲಿನ ವರ್ಷಗಳು ನನ್ನ ಕೆಲಸದ ಅತ್ಯಂತ ಸುಖದ ವರ್ಷಗಳು. ಒಂದೇ ಕೂಗು. ಅದಕ್ಕೆ ಗಾಡಿಗಳು ನಿಲ್ಲುತ್ತಿದ್ದವು, ಊರು ಮಲಗಿರುತ್ತಿತ್ತು, ಕೆಂಚಣ್ಣನೂ ಮಲಗಿರುತ್ತಿದ್ದ. ಕೇಳುವ ಇಬ್ಬರಿಗೂ ಸಲ್ಲುವ ಹಾಗೆ ಕೂಗು ಹಾಕಲು ಬಂತಲ್ಲ ಎಂದು ಕರೀಂ ಸಾಹೇಬರಿಗೆ ಹೇಳಬೇಕು ಅನ್ನಿಸುತ್ತಿತ್ತು. ಭಾರೀ ಹೆಮ್ಮೆಯಿಂದ ಕಲಿತ ಡೀಸೆಲ್ ಎಂಜಿನ್ನಿನಲ್ಲಿ ನನಗೆ ನೆನಪಿರುವುದು ಇಷ್ಟೇ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಗಾಡಿಗಳ ಸಾಲು ಮೋಟಾಯಿತು. ತೋಟದ ಬಾಗಿಲಿಗೇ ಲಾರಿ ಬಂದು ಚೀಲ ತುಂಬಿಕೊಳ್ಳತೊಡಗಿತು. ಒಂದು ಹರಾಜಿನ ಹಿಂದಿನ ರಾತ್ರಿ ಮೂರು ಗಾಡಿ ಕಂಡರೆ, ಇನ್ನೊಂದು ರಾತ್ರಿ ಒಂದು. ಮೋಟುಕೊಂಬಿನ ಎತ್ತು ಮುದಿಯಾಗಿ ಸತ್ತಿತೆಂದೂ ಕೆಂಚಣ್ಣ ಮತ್ತೆ ಜೋಡಿ ಕಟ್ಟಲಿಲ್ಲವೆಂದೂ ಮಾರುಕಟ್ಟೆಯಲ್ಲಿ ಯಾರೋ ಹೇಳಿದರು. ಆಮೇಲೆ ನಾನು ಬೋರ್ಡು ಕಂಡಾಗ ಕೂಗು ಹಾಕುತ್ತಿದ್ದೆ, ಬೆಳಕು ಬರೀ ದಾರಿಯ ಮೇಲೆ ಬೀಳುತ್ತಿತ್ತು. ಎಷ್ಟೋ ಸಲ ಎಡಗಡೆಗೆ ಬಗ್ಗಿ ನೋಡಿ, ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ನೋಡಿದ್ದಕ್ಕೆ ನನ್ನ ಮೇಲೇ ಬೇಸರಪಟ್ಟಿದ್ದೇನೆ. ಹುಡುಗರೇ, ಈ ಕೆಲಸದಲ್ಲಿ ನೀವು ಯಾರನ್ನೂ ಭೇಟಿ ಮಾಡುವುದಿಲ್ಲ, ಎಲ್ಲರನ್ನೂ ದಾಟಿ ಹೋಗುತ್ತೀರಿ. ಆದರೂ ಒಬ್ಬಿಬ್ಬರು ಹೀಗೆ ಒಳಗೆ ಉಳಿದುಬಿಡುತ್ತಾರೆ.

ನನಗೆ ಹುಬ್ಬಳ್ಳಿ ಕಡೆಗೆ ವರ್ಗವಾಯಿತು. ಈ ದಾರಿಯಲ್ಲಿ ಕೊನೆಯ ಗೂಡ್ಸ್ ತರುವ ರಾತ್ರಿ ಹರಾಜು ಗಿರಾಜು ಏನೂ ಇರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ, ಮೇಷ್ಟ್ರಿಗೆ ಮಾತ್ರ ಹೋಗಿ ನಮಸ್ಕಾರ ಮಾಡಿ ಬಂದಿದ್ದೆ. ಅವರೇ ಹೊನ್ನವಳ್ಳಿ ಬಸ್ಸಿನವನ ಕೈಲಿ ಸುದ್ದಿ ಮುಟ್ಟಿಸಿದ್ದರೆಂದು ಆಮೇಲೆ ತಿಳಿಯಿತು.

ಬೋರ್ಡು ಬಂತು. ಕೂಗು ಹಾಕಿದೆ. ಬೆಳಕಿನಲ್ಲಿ ದಾರಿಯ ಮೇಲೆ ಒಬ್ಬ ಮನುಷ್ಯ ನಡೆದು ಬರುತ್ತಿದ್ದ. ಗಾಡಿಯಿಲ್ಲ, ಎತ್ತಿಲ್ಲ, ಹೆಗಲ ಮೇಲೆ ಕಂಬಳಿ ಮಾತ್ರ. ಕೂಗು ಕೇಳಿದ ಕೂಡಲೇ ಎತ್ತುಗಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತುಕೊಂಡ. ಕೆಂಚಣ್ಣ. ಮುದುಕನಾಗಿದ್ದ. ಕೈ ಎತ್ತಿ ಹಿಡಿದ, ನಾನು ದಾಟುವವರೆಗೂ ಇಳಿಸಲಿಲ್ಲ.

ಮತ್ತೊಂದು ಸಲ ಹಾರನ್ ಒತ್ತಿದೆ. ನಿಯಮದಲ್ಲಿ ಇರಲಿಲ್ಲ. ಒತ್ತಿದವನು ಬಿಡಲಾರದೆ ಗೇಟು ದಾಟಿದೆ, ಸಿಗ್ನಲ್ ದಾಟಿದೆ. ಬಡಾವಣೆಯಲ್ಲಿ ಒಂದೊಂದೇ ಮನೆಯಲ್ಲಿ ದೀಪ ಹೊತ್ತಿಕೊಂಡಿತು, ಯಾರೋ ಕಿಟಕಿ ತೆಗೆದು ಬೈದದ್ದು ನನಗೂ ಕೇಳಿಸಿತು. ಬೈಯಲಿ ಅಂದುಕೊಂಡೆ. ಅಷ್ಟು ವರ್ಷ ನಾನು ನೋಡಿದ ಮುಖ ಆ ಬೆಳಕಿನಲ್ಲಿ ಕಣ್ಣು ಬಿಟ್ಟು ನನ್ನನ್ನು ನೋಡಿದ್ದು ಅದೊಂದೇ ಸಲ.